ಮಾಂಡೋವಿಯಿಂದ ಮೇಘನಾವರೆಗೆ

ಬೆಂಗಳೂರಿನ ಜೆ.ಸಿ. ನಗರದ ಕಡೆ ಓಡಾಡುವವರಿಗೆ ಮೆರೂನ್ ಬಣ್ಣದ ಟೋಪಿ ತೊಟ್ಟ ಯೋಧರು ಹೊಸಬರಲ್ಲ. ಅವರು ಪ್ಯಾರಾಚೂಟ್ ರೆಜಿಮೆಂಟಿನವರು. ಆ ರೆಜಿಮೆಂಟಿನ ತರಬೇತಿ ಕೇಂದ್ರ ಆಗ್ರಾದಿಂದ ಇಲ್ಲಿಗೆ ಬಂದದ್ದು 1992ರಲ್ಲಿ. ಆದರೆ ಛತ್ರಿ ಸೈನಿಕರಿಗೂ ಕರ್ನಾಟಕಕ್ಕೂ ಇರುವ ನಂಟು ಅದಕ್ಕಿಂತ ಹಳೆಯದು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಗಾಗಿ ಸೇನೆ ಜಮಾಯಿಸಿದ್ದು ಬೆಳಗಾವಿಯಲ್ಲಿ. ಅಲ್ಲಿಗೆ ಬಂದಿಳಿದ 50ನೆಯ ಪ್ಯಾರಾಚೂಟ್ ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಸಗತ್ ಸಿಂಗ್.

ಈ ಸೇನಾನಿಯ ಹೆಸರು ನಮ್ಮಲ್ಲಿ ಬಲ್ಲವರು ಕಡಿಮೆ. ಹುಟ್ಟಿದ್ದು 1919ರಲ್ಲಿ, ಇಂದಿನ ರಾಜಸ್ಥಾನದ ಚೂರು ಜಿಲ್ಲೆಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬಿಕಾನೇರ್ ಸಂಸ್ಥಾನದ ಪಡೆಯೊಂದಿಗೆ ಇರಾಕಿಗೆ ಹೋಗಿದ್ದರು. ಸ್ವಾತಂತ್ರ್ಯಾನಂತರ ಸೇರಿದ್ದು ಗೂರ್ಖಾ ರೈಫಲ್ಸ್. ಪ್ಯಾರಾ ಬ್ರಿಗೇಡಿನ ಹೊಣೆ ಬಂದಾಗ ಅವರು ಛತ್ರಿ ಸೈನಿಕರೇ ಆಗಿರಲಿಲ್ಲ. 42ರ ವಯಸ್ಸಿನಲ್ಲಿ ವಿಮಾನದಿಂದ ಧುಮುಕುವುದನ್ನು ಕಲಿತು ಮೆರೂನ್ ಟೋಪಿಯ ಹಕ್ಕು ಸಂಪಾದಿಸಿಕೊಂಡರು.

ಗೋವಾದಲ್ಲಿ ಮುಖ್ಯ ದಾಳಿಯ ಹೊಣೆ ಪೂರ್ವದಿಂದ ನುಗ್ಗುವ 17ನೆಯ ಡಿವಿಜನ್ನಿಗೆ ಸೇರಿತ್ತು. ಉತ್ತರದಿಂದ ಒತ್ತಡ ಹೇರಿ ಅದಕ್ಕೆ ನೆರವಾಗುವುದಷ್ಟೇ ಪ್ಯಾರಾ ಬ್ರಿಗೇಡಿನ ಪಾಲು. ಡಿಸೆಂಬರ್ 18ರ ಬೆಳಗಿನ ಜಾವ ಹೊರಟ ಸಗತ್ ಸಿಂಗರ ಪಡೆ ನೆಲಬಾಂಬುಗಳನ್ನು, ನದಿಗಳನ್ನು ದಾಟಿ ಆ ಸಂಜೆಗೇ ಪಣಜಿಯ ಎದುರು ದಂಡೆಯಲ್ಲಿ ನಿಂತಿತ್ತು. ನಡುವೆ ಉಳಿದದ್ದು ಮಾಂಡೋವಿ ನದಿ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹಾದಾಯಿಗೆ ಗೋವಾದಲ್ಲಿರುವ ಹೆಸರು ಅದು. ಮರುದಿನ ಬೆಳಿಗ್ಗೆ ನದಿ ದಾಟಿ ಪಣಜಿಗೆ ಮೊದಲು ಕಾಲಿಟ್ಟದ್ದು ನೆರವಿಗೆಂದು ಕಳಿಸಿದ್ದ ಪಡೆಯೇ.

ಸಗತ್ ಸಿಂಗರ ವೃತ್ತಿಜೀವನದ ಗುಟ್ಟು ಇಲ್ಲಿದೆ. ಮೇಲಿನವರು ಕೊಟ್ಟ ಗುರಿ ತಲುಪಿದ ಮೇಲೆ ಮುಂದಿನ ದಾರಿ ತೆರೆದಿದ್ದರೆ ಅವರು ನಿಲ್ಲುತ್ತಿರಲಿಲ್ಲ. ಬಿಟ್ಟುಕೊಡಬಾರದೆನಿಸಿದ ನೆಲವನ್ನು ಬಿಡುತ್ತಲೂ ಇರಲಿಲ್ಲ. 1965ರಲ್ಲಿ ಚೀನಾ ಬೆದರಿಕೆ ಹಾಕಿದಾಗ ಸಿಕ್ಕಿಂ ಗಡಿಯ ಜೆಲೆಪ್ ಲಾ ಕಣಿವೆಯಿಂದ ನಮ್ಮ ಸೇನೆ ಹಿಂದೆ ಸರಿಯಿತು. ಸಗತ್ ಸಿಂಗರ ವಶದಲ್ಲಿದ್ದ ನಾಥು ಲಾ ಮಾತ್ರ ಉಳಿಯಿತು. 1967ರಲ್ಲಿ ಅಲ್ಲಿಯೇ ಚೀನಾ ಸೇನೆಗೆ ಅವರ ಫಿರಂಗಿಗಳು ಉತ್ತರ ಕೊಟ್ಟವು.

ಈ ಸ್ವಭಾವದ ದೊಡ್ಡ ಪರೀಕ್ಷೆ ಬಂದದ್ದು 1971ರ ಬಾಂಗ್ಲಾ ಯುದ್ಧದಲ್ಲಿ. ಆಗ ಅವರು ಲೆಫ್ಟಿನೆಂಟ್ ಜನರಲ್, 4ನೆಯ ಕೋರ್‌ನ ಮುಖ್ಯಸ್ಥ. ಮೇಘನಾ ನದಿಯ ಪೂರ್ವದ ನೆಲವನ್ನು ಗೆಲ್ಲುವುದು ಅವರಿಗೆ ವಹಿಸಿದ ಕೆಲಸ. ಢಾಕಾ ಇದ್ದದ್ದು ನದಿಯ ಆಚೆ. ಆಶುಗಂಜ್ ಬಳಿಯ ರೈಲ್ವೆ ಸೇತುವೆಯನ್ನು ಪಾಕಿಸ್ತಾನಿ ಸೇನೆ ಒಡೆದುಹಾಕಿತ್ತು. ಸೇತುವೆ ಹೋದರೆ ಏನಂತೆ, ಆಕಾಶವಿದೆಯಲ್ಲ ಎಂದುಕೊಂಡವರು ಸಗತ್ ಸಿಂಗ್. ಡಿಸೆಂಬರ್ 9ರಿಂದ ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗರ ಎಂಐ-4 ಹೆಲಿಕಾಪ್ಟರುಗಳು ಸೈನಿಕರನ್ನು ರಾಯ್‌ಪುರಕ್ಕೂ, ಬಳಿಕ ನರಸಿಂಗ್ದಿಗೂ ಇಳಿಸಿದವು. ಉಳಿದವರನ್ನು ನಾಡದೋಣಿಗಳು ದಾಟಿಸಿದವು.

ಇದು ಅಪಾಯವಿಲ್ಲದ ಸಾಹಸವೇನಲ್ಲ. ಆಕಾಶದಿಂದ ಇಳಿದ ಸೈನಿಕರ ಬಳಿ ಭಾರಿ ಆಯುಧಗಳಿರುವುದಿಲ್ಲ, ಮದ್ದುಗುಂಡು ಬೇಗ ಮುಗಿಯುತ್ತದೆ. ಹಿಂದಿನಿಂದ ಬಲ ಬಂದು ಸೇರದಿದ್ದರೆ ಅವರ ಗತಿ ಮುಗಿದಂತೆ. 1944ರಲ್ಲಿ ಹಾಲೆಂಡಿನ ಆರ್ನೆಮ್‌ನಲ್ಲಿ ಇಳಿದ ಬ್ರಿಟಿಷ್ ಜನರಲ್ ಅರ್ಕ್ಹರ್ಟರಿಗೆ ಆದದ್ದು ಅದೇ. ಸುಮಾರು ಹತ್ತು ಸಾವಿರ ಜನರಲ್ಲಿ ಮರಳಿದವರು ಎರಡು ಸಾವಿರದ ಆಸುಪಾಸು. ಮೇಘನಾ ದಾಟಿದವರನ್ನು ಶತ್ರು ಸುತ್ತುವರಿದಿದ್ದರೆ ಸಗತ್ ಸಿಂಗರ ಹೆಸರು ದುಡುಕಿನವರ ಪಟ್ಟಿಗೆ ಸೇರುತ್ತಿತ್ತು. ಆದರೆ ಅವರು ನಕ್ಷೆ ನೋಡಿ ಜೂಜಾಡಿದವರಲ್ಲ. ತಾವೇ ಹೆಲಿಕಾಪ್ಟರಿನಲ್ಲಿ ಹೋಗಿ ಇಳಿಯುವ ಜಾಗ ಹುಡುಕುತ್ತಿದ್ದರು. ಅಂಥ ಒಂದು ಹಾರಾಟದಲ್ಲಿ ಗುಂಡು ತಗುಲಿ ಪೈಲಟ್ ಗಾಯಗೊಂಡರೂ ಅವರು ಪಾರಾದರು.

ಅದೇ ಡಿಸೆಂಬರ್ 11ರಂದು ಢಾಕಾದ ಉತ್ತರಕ್ಕಿರುವ ಟಾಂಗೈಲ್‌ನಲ್ಲಿ 2ನೆಯ ಪ್ಯಾರಾ ಬೆಟಾಲಿಯನ್ ಛತ್ರಿ ಬಿಚ್ಚಿ ಇಳಿಯಿತು. ಅದು ಸಗತ್ ಸಿಂಗರ ಅಧೀನದ ಕಾರ್ಯಾಚರಣೆಯಲ್ಲ. ಆದರೆ ಗೋವಾದಲ್ಲಿ ಅವರೊಂದಿಗಿದ್ದ ಬೆಟಾಲಿಯನ್ ಅದು. ಅದರ ಮೂಲವೋ ನಮ್ಮ ಬೆಳಗಾವಿಯ ಮರಾಠಾ ಲಘು ಪದಾತಿದಳ. ನೆಲದ ಮೇಲೆ ಬಂದು ಅವರನ್ನು ಮೊದಲು ಸೇರಿಕೊಂಡದ್ದೂ ಅದೇ ದಳದ 1ನೆಯ ಬೆಟಾಲಿಯನ್. ಉತ್ತರದಿಂದ ಇವರು, ಪೂರ್ವದಿಂದ ಸಗತ್ ಸಿಂಗರ ಪಡೆ; ಡಿಸೆಂಬರ್ 16ರಂದು ಢಾಕಾ ಶರಣಾಯಿತು.

ಆದೇಶ ಮೀರುವುದು ಸರಿಯೇ ಎಂಬ ಪ್ರಶ್ನೆ ಉಳಿಯುತ್ತದೆ. ಗೋವಾದಲ್ಲಿ ಎದುರಾಳಿಯೂ ಆದೇಶ ಮೀರಿದವನೇ. ಕೊನೆಯ ಉಸಿರಿನವರೆಗೂ ಹೋರಾಡಿ ಎಂದು ಲಿಸ್ಬನ್‌ನಿಂದ ಸಲಜಾರ್ ಆಜ್ಞಾಪಿಸಿದ್ದರೂ ಗವರ್ನರ್ ಜನರಲ್ ವಸಾಲೊ ಇ ಸಿಲ್ವ ಶರಣಾಗಿ ಸಾವಿರಾರು ಜೀವ ಉಳಿಸಿದರು. ಅದಕ್ಕಾಗಿ ಅವರನ್ನು ಸೇನೆಯಿಂದಲೇ ಹೊರಹಾಕಲಾಯಿತು. ಸಗತ್ ಸಿಂಗರಿಗೆ ಪದ್ಮಭೂಷಣ ಬಂತು, ಆದರೆ ಸೇನಾ ಕಮಾಂಡರ್ ಹುದ್ದೆ ಬರಲಿಲ್ಲ. 1976ರಲ್ಲಿ ನಿವೃತ್ತರಾಗಿ, 2001ರಲ್ಲಿ ತೀರಿಕೊಂಡರು. ಢಾಕಾ ಶರಣಾಗತಿಯ ಪ್ರಸಿದ್ಧ ಚಿತ್ರದಲ್ಲಿ ಸಹಿ ಹಾಕುತ್ತಿರುವವರ ಹಿಂದೆ ನಿಂತವರ ಸಾಲಿನಲ್ಲಿ ಅವರೂ ಇದ್ದಾರೆ. ಮುಂದಿನ ಸಲ ಆ ಚಿತ್ರ ಕಣ್ಣಿಗೆ ಬಿದ್ದಾಗ ಹುಡುಕಿ ನೋಡಿ.