ಇಲ್ಲಿಯ ಮೀನು ಯಾವುದು? ಪಟಾನ್‌ಚೆರುವಿನಿಂದ ಕಾವೇರಿಯವರೆಗೆ

ಕಳೆದ ಸಲದ ಮಾತನ್ನು ಓದೋದಕ್ಕೆ ಬೇಕು ಅಂತ ಕೇಳಿದವರಿಗಾಗಿ ಇದು ಬರಹ ರೂಪ. ತಡವರಿಸಿದ ಕಡೆ ತಿದ್ದಿದ್ದೇನೆ, ಮಿಕ್ಕಿದ್ದೆಲ್ಲ ಹಾಗೇ ಇದೆ.

ನಾನಿರೋದು ಪಟಾನ್‌ಚೆರುವಿನಲ್ಲಿ. ಗಚ್ಚಿಬೌಲಿ ಕಡೆ ಬಾಡಿಗೆ ಏರಿದ ಹಾಗೆಲ್ಲ ನಮ್ಮಂಥ ಐಟಿ ಜನ ಮುಂಬೈ ಹೆದ್ದಾರಿ ಹಿಡಿದು ಈ ಕಡೆ ಸರಿದು ಬಂದೆವಲ್ಲ, ಅವರಲ್ಲಿ ನಾನೂ ಒಬ್ಬ. ಒಂದು ಭಾನುವಾರ ಬೆಳಿಗ್ಗೆ ರಸ್ತೆ ಬದಿಯಲ್ಲಿ ಮೀನು ಮಾರ್ತಿದ್ದ ಹೆಂಗಸನ್ನು, "ಇವು ಎಲ್ಲಿಯ ಮೀನು ಅಮ್ಮಾ?" ಅಂತ ನನ್ನ ಹರಕು ತೆಲುಗಿನಲ್ಲಿ ಕೇಳಿದೆ. ಅವರು ತಟ್ಟನೆ, "ಇಕ್ಕಡಿವಿ ಕಾದು ಸಾರ್" ಅಂದರು. ಇಲ್ಲಿಯವಲ್ಲ ಸಾರ್! ಗ್ಯಾರಂಟಿ ಕೊಡೋ ದನಿ ಅದು. ಮೀನು ಇಲ್ಲಿಯದಲ್ಲ ಅನ್ನೋದೇ ಅದರ ಒಳ್ಳೇ ಗುಣ ಆಗಿಬಿಟ್ಟಿದೆ.

ಅವರ ಮುಂದಿದ್ದ ರಾಶಿ ನೋಡಿದೆ. ರೋಹು, ಕಟ್ಲಾ ಉತ್ತರದ ಗಂಗೆ ಕಡೆಯ ಮೀನುಗಳು. ತಿಲಾಪಿಯಾ ಆಫ್ರಿಕಾದ್ದು, ಭಾರತಕ್ಕೆ ತಂದದ್ದು 1952ರಲ್ಲಿ. ಕೆಂಪು ಹೊಟ್ಟೆಯ ರೂಪ್‌ಚಂದ್ ದಕ್ಷಿಣ ಅಮೆರಿಕದ್ದು. ಈ ಸೀಮೆಯದು ಅಂತ ಹೇಳಬಹುದಾಗಿದ್ದು ಮೂಲೆಯ ಬಕೆಟ್ಟಿನಲ್ಲಿ ಹೊರಳಾಡ್ತಿದ್ದ ಕೊರಮೀನು ಒಂದೇ. ಹಾವಿನಂಥ ತಲೆಯ, ತೆಲಂಗಾಣದ ರಾಜ್ಯ ಮೀನು. ಅದೂ ಯಾರದೋ ಹೊಂಡದಲ್ಲಿ ಸಾಕಿದ್ದು.

ಅದೇ ವಾರ ಅಮೆರಿಕದಲ್ಲಿರುವ ನನ್ನ ಹಳೇ ಟೀಮ್‌ಮೇಟ್ ಫೋನ್ ಮಾಡಿದ್ದ. ಅವನಿಗೆ ಗಾಳ ಹಾಕೋ ಹುಚ್ಚು. "ಟ್ರೌಟ್ ಹೊಳೆಗಳಿಗೆ ಸ್ಮಾಲ್‌ಮೌತ್ ಬಾಸ್ ಬರ್ತಿದೆ ಮಾರಾಯ, ನೀರು ಬಿಸಿ ಆಗ್ತಿದೆ" ಅಂದ. ಸುಳ್ಳಲ್ಲ. ಟ್ರೌಟ್‌ಗೆ ತಣ್ಣನೆಯ, ಆಮ್ಲಜನಕ ತುಂಬಿದ ನೀರು ಬೇಕು. 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು, ಬಾಸ್‌ಗೆ ಹಿತ ಶುರು. 2022ರ ಫೆಬ್ರವರಿಯಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಗಡಿಯಲ್ಲೇ, ಗಾರ್ಡ್‌ನರ್ ಹೊಳೆ ಯೆಲ್ಲೋಸ್ಟೋನ್ ನದಿಗೆ ಸೇರುವ ಜಾಗದಲ್ಲಿ, ಒಬ್ಬರ ಗಾಳಕ್ಕೆ ಒಂದು ಬಾಸ್ ಬಿತ್ತು. ಒಂದೇ ಒಂದು ಮೀನು. ಅಷ್ಟಕ್ಕೇ ಅಧಿಕಾರಿಗಳು ಎಚ್ಚೆತ್ತರು. ಇನ್ನೊಂದು ಮಾತು: ಬಾಸ್ ಪೂರ್ವ ಅಮೆರಿಕದ ಮೀನು. 1874ರಷ್ಟು ಹಿಂದೆಯೇ ಅದನ್ನು ಕ್ಯಾಲಿಫೋರ್ನಿಯಾಕ್ಕೆ ಹೊತ್ತು ತಂದು ಬಿಟ್ಟಿದ್ದರು. ಪಶ್ಚಿಮಕ್ಕೆ ತಂದವರು ಜನ. ಮೇಲಿನ ಹೊಳೆಗಳ ಬಾಗಿಲು ತೆರೀತಿರೋದು ಬಿಸಿಯಾದ ನೀರು.

"ನಿಮ್ಮ ಕಡೆ ಹೀಗೇನಾದ್ರೂ ಇದೆಯಾ?" ಅಂತ ಕೇಳಿದ. ಇದೆ. ನಮ್ಮೂರ ಹತ್ತಿರವೇ ಇದೆ.

ನಾನು ಮಳವಳ್ಳಿ ಕಡೆಯವನು. ಚಿಕ್ಕವನಿದ್ದಾಗ ನಮ್ಮಪ್ಪ ಮುತ್ತತ್ತಿಗೆ ಕರ್ಕೊಂಡು ಹೋದರೆ, ಆಂಜನೇಯನಿಗೆ ಕೈಮುಗಿದು ಕಾವೇರಿ ದಡದಲ್ಲಿ ಕೂರ್ತಿದ್ದೆವು. "ಒಳಗೆ ಮನುಷ್ಯನಷ್ಟು ದೊಡ್ಡ ಬಿಳಿಮೀನು ಐತೆ" ಅಂತ ಅಪ್ಪ ಹೇಳೋರು. ಹೆದರಿಸೋಕೆ ಹೇಳ್ತಾರೆ ಅಂದ್ಕೊಂಡಿದ್ದೆ. ನಿಜವೇ ಆಗಿತ್ತು. ಅದು ಬೆನ್ನಿನ ಮೇಲೆ ಗೂನಿರುವ ಕಾವೇರಿಯ ಮಹಶೀರ್, ಈ ನದಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತು. ಅಂದರೆ ಸುಮಾರು 54 ಕಿಲೋ.

ಕಾಲ ಕಳೆದಂತೆ ಡೈನಮೈಟ್ ಹಾಕಿ ಮೀನು ಹಿಡಿಯೋರು ಹೆಚ್ಚಾದರು, ಬಿಳಿಮೀನು ಕಡಿಮೆ ಆಯ್ತು. ಉಳಿಸಬೇಕು ಅಂತ ಒಳ್ಳೇ ಮನಸ್ಸಿನವರೇ ಮುಂದೆ ಬಂದರು. ನದಿಯ ಒಂದಷ್ಟು ಭಾಗವನ್ನು ಕಾವಲಿಗೆ ಪಡೆದರು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಿಂದ ಮಹಶೀರ್ ಮರಿ ಮಾಡಿಸ್ತಿದ್ದರು. ಆ ಮರಿಗಳನ್ನು ತಂದು ಕಾವೇರಿಗೂ ಬಿಟ್ಟರು. ಆದರೆ ಅದು ನೀಲಿ ರೆಕ್ಕೆಯ ಮಹಶೀರ್, ಬೇರೆ ಜಾತಿ. ಮಹಶೀರ್ ಅಂದರೆ ಮಹಶೀರ್ ಅಂತ ಆಗ ಎಲ್ಲರೂ ಭಾವಿಸಿದ್ದರು.

ಮುಂದಿನದ್ದು ನಮ್ಮ ಕೆಲಸದವರಿಗೆ ಚೆನ್ನಾಗಿ ಅರ್ಥವಾಗೋ ಕಥೆ. ಗಾಳಿಬೋರೆಯ ಮೀನುಗಾರಿಕೆ ಕ್ಯಾಂಪಿನಲ್ಲಿ ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ವಾಪಸ್ ನೀರಿಗೆ ಬಿಡ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಪಿಂಡರ್, ರಾಜೀವ್ ರಾಘವನ್, ಬ್ರಿಟನ್ ಎಂಬ ಸಂಶೋಧಕರು ಕೂತು ಓದಿದರು. 6161 ಮೀನು, 23,620 ಗಂಟೆಗಳ ಗಾಳದ ಲೆಕ್ಕ. ಮೊತ್ತ ನೋಡಿದರೆ ಖುಷಿ ಆಗಬೇಕು, ಸಿಗೋ ಮೀನಿನ ಸಂಖ್ಯೆ ಏರುತ್ತಾ ಹೋಗಿತ್ತು. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಆದರೆ ಸಾಲು ಸಾಲಾಗಿ ಬಿಡಿಸಿ ನೋಡಿದಾಗ, ಏರಿದ್ದು ನೀಲಿ ರೆಕ್ಕೆಯದ್ದು. ಗೂನುಬೆನ್ನಿನ ಮೀನು ಅಪರೂಪವಾಗಿತ್ತು, ಅದರ ಮರಿಗಳೇ ಕಾಣ್ತಿರಲಿಲ್ಲ.

ಇನ್ನೂ ನೋವಿನ ಸಂಗತಿ ಏನು ಗೊತ್ತಾ? ಅಷ್ಟೊತ್ತಿಗೂ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರಿರಲಿಲ್ಲ. ಕಾವೇರಿಯ ಉಪನದಿ ಮೋಯಾರ್‌ನಲ್ಲಿ ಸಿಕ್ಕ ಮೀನುಗಳನ್ನು ಪರೀಕ್ಷಿಸಿ ಅದು ಟಾರ್ ರೆಮಾದೇವಿ ಅಂತ ಗುರುತು ಹಿಡಿದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಹೆಸರೂ ಅಪಾಯದ ಗುರುತೂ ಒಟ್ಟಿಗೇ ಬಂದವು. ಅಷ್ಟಾದರೂ ಆದದ್ದು ಯಾರೋ ಪ್ರತಿ ಮೀನಿಗೊಂದು ಸಾಲು ಬರೆದಿಟ್ಟಿದ್ದರಿಂದ.

ಈಗ ಪಟಾನ್‌ಚೆರುವಿಗೆ ವಾಪಸ್ ಬರೋಣ. ತೆಲುಗಿನಲ್ಲಿ ಚೆರುವು ಅಂದರೆ ಕೆರೆ, ಊರಿನ ಹೆಸರಲ್ಲೇ ನೀರಿದೆ. ಸಾಕಿ ಚೆರುವು ಇದೆ, ಇಸಕವಾಗು, ನಕ್ಕವಾಗು ಅನ್ನೋ ಹಳ್ಳಗಳಿವೆ. ಆ ಹಳ್ಳದ ನೀರು ಸೇರೋದು ಮಾಂಜ್ರಾ ನದಿಗೆ, ನಮ್ಮ ಬೀದರ್ ಜಿಲ್ಲೆ ಹಾದು ಬರುವ ಅದೇ ಮಾಂಜ್ರಾ. 1970ರ ದಶಕದಿಂದ ಇಲ್ಲಿ ಕಾರ್ಖಾನೆಗಳು ಬಂದವು. ಹಳ್ಳದ ನೀರು ಕೆಟ್ಟಿತು. ಇಲ್ಲಿನ ವೈದ್ಯ ಡಾ. ಕಿಶನ್ ರಾವ್ ಅವರಂಥವರು ದಶಕಗಳ ಕಾಲ ಹೋರಾಡಿದರು. 1990ರಲ್ಲಿ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯ್ತು. ಕೆಟ್ಟ ಹೊಲಗಳ ಲೆಕ್ಕ, ರೈತರ ಪರಿಹಾರದ ಮಾತು ಕಾಗದಕ್ಕೆ ಬಂತು. ಹಳ್ಳದ ಮೀನಿಗೆ ಮಾತ್ರ ಗಾಳಿಬೋರೆಯಂಥ ಪುಸ್ತಕ ಇರಲಿಲ್ಲ. ಇಲ್ಲಿ ಹಿಡೀತಿದ್ದವರು ಸಾರಿಗೆ ಹಿಡೀತಿದ್ದರು, ದಾಖಲೆಗಲ್ಲ.

ಕೊನೆಗೆ ಈ ನೀರಿನ ಸಾಕ್ಷಿ ಹೇಳಿದ್ದು ಯಾವ ಮೀನು ಅಂತ ಊಹಿಸಿ. ಟ್ರೌಟ್! 2007ರಲ್ಲಿ ಸ್ವೀಡನ್ನಿನ ಲಾರ್ಶನ್ ತಂಡ, ಸುಮಾರು 90 ಔಷಧ ಕಾರ್ಖಾನೆಗಳ ನೀರನ್ನು ಶುದ್ಧೀಕರಿಸುವ ಇಲ್ಲಿನ ಘಟಕದಿಂದ ಹೊರಬಂದ ನೀರಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇದೆ ಅಂತ ತೋರಿಸಿತು. 2009ರಲ್ಲಿ ಅದೇ ನೀರನ್ನು 500 ಪಟ್ಟು ತೆಳುವಾಗಿಸಿ ಅದರಲ್ಲಿ ರೇನ್‌ಬೋ ಟ್ರೌಟ್‌ಗಳನ್ನು ಐದು ದಿನ ಇಟ್ಟು ನೋಡಿದರು. ಅಷ್ಟು ತೆಳುವಾದರೂ ಮೀನಿನ ಪಿತ್ತಜನಕಾಂಗದ ಕೆಲಸದಲ್ಲಿ ಬದಲಾವಣೆ ಕಂಡಿತು. ನಮ್ಮ ಹಳ್ಳದ ಕಥೆ ಹೇಳೋಕೆ, ಈ ಹಳ್ಳವನ್ನು ಕಂಡೇ ಇರದ ಮೀನು ಬರಬೇಕಾಯ್ತು.

ನನಗನ್ನಿಸೋದು ಇಷ್ಟು. ಮೀನು ಬದಲಾಗೋದು ಸದ್ದಿಲ್ಲದೆ. ನದಿಯಲ್ಲಿ ಮೀನಿದೆಯಲ್ಲ, ಮಾರ್ಕೆಟ್ಟು ತುಂಬಿದೆಯಲ್ಲ ಅಂತ ಅನ್ನಿಸುತ್ತಲೇ ಇರುತ್ತೆ. ಬಂದ ಮೀನಿನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ಅದು ತನಗೆ ಒಗ್ಗಿದ ನೀರಿನಲ್ಲಿ ಬದುಕುತ್ತೆ. ಕೆಲಸಕ್ಕಾಗಿ ಊರು ಬಿಟ್ಟು ಬಂದ ನಮಗೆ ಅದು ಅರ್ಥ ಆಗದೇ ಇರೋದೇನಲ್ಲ. ಕೇಳಬೇಕಾದ್ದು: ಇದನ್ನು ತಂದವರು ಯಾರು, ನೀರಿಗೆ ಏನಾಯ್ತು, ಮುಂಚೆ ಇದ್ದದ್ದು ಯಾವುದು? ಮೂರನೆಯ ಪ್ರಶ್ನೆಗೆ ಉತ್ತರ ಬರೆದಿಟ್ಟವರಿದ್ದರೆ ಮಾತ್ರ ಸಿಗುತ್ತೆ.

ಆಫೀಸಿನಲ್ಲಿ ಸರ್ವರ್ ಒಂದು ನಿಮಿಷ ನಿಂತರೆ ಲಾಗ್ ತೆಗೆದು ನೋಡೋ ಜನ ನಾವು. ಮನೆ ಪಕ್ಕದ ಕೆರೆಗೆ ಲಾಗ್ ಇಟ್ಟಿಲ್ಲ. ಹೋದ ತಿಂಗಳಿಂದ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಭಾನುವಾರ ಸಾಕಿ ಚೆರುವಿನ ದಡಕ್ಕೆ ಹೋಗಿ ತಾರೀಖು, ನೀರಿನ ಬಣ್ಣ, ಕಂಡ ಹಕ್ಕಿ, ಯಾರಾದರೂ ಗಾಳ ಹಾಕಿದ್ದರೆ ಸಿಕ್ಕ ಮೀನು, ಇಷ್ಟು ಬರೀತೀನಿ. ಇದುವರೆಗೆ ನಾಲ್ಕು ಸಾಲು ಆಗಿದೆ. ನಿಮ್ಮ ಊರಿನಲ್ಲೋ, ಈಗಿರೋ ಊರಿನಲ್ಲೋ, ಹತ್ತಿರದ ಕೆರೆಗೆ ನೀವೂ ಒಂದು ಪುಸ್ತಕ ಇಡಿ. ಊರಲ್ಲಿ ಹಿರಿಯರಿದ್ದರೆ ಈ ಸಲ ಹಬ್ಬಕ್ಕೆ ಹೋದಾಗ ಕೇಳಿ: ನಮ್ಮ ಕೆರೇಲಿ ಮುಂಚೆ ಯಾವ ಮೀನಿತ್ತು? ಅವರು ಹೇಳಿದ್ದನ್ನು ಮೊದಲ ಪುಟದಲ್ಲಿ ಬರೀರಿ.

ಮತ್ತೆ ಸಿಗೋಣ.