ಶ್ರೀಶೈಲದ ಕಾಲುದಾರಿಯೂ ಯಾತ್ರಿಕರ ಪಾದರಕ್ಷೆಯೂ

ಯುಗಾದಿಯ ಹೊತ್ತಿಗೆ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕಾಗಿ ಉತ್ತರ ಕರ್ನಾಟಕದ ಸದ್ಭಕ್ತರು ಕಾಲ್ನಡಿಗೆಯಿಂದ ತೆರಳುವ ವಾಡಿಕೆಯು ಬಹು ಹಳೆಯದು. ವಿಜಯಪುರದ ಕಡೆಯಿಂದ ಹೊರಟವರಿಗೆ ಇದು ಇನ್ನೂರು ಮೈಲಿಗೂ ಮಿಗಿಲಾದ ಹಾದಿ. ಕ್ಷೇತ್ರದ ಮಹಿಮೆಯನ್ನು ಕೊಂಡಾಡುವವರು ಯಾತ್ರಿಕರ ಕಾಲಡಿಯನ್ನು ನೋಡುವುದು ಅಪರೂಪ. ಆದರೆ ಯಾತ್ರೆಯು ಕೈಗೂಡುವುದೂ ನಡುದಾರಿಯಲ್ಲಿ ನಿಲ್ಲುವುದೂ ಬಹುಮಟ್ಟಿಗೆ ಅಂಗಾಲಿಗೇ ಸೇರಿದ ಮಾತಾಗಿರುವುದು.

ಹಾದಿಯ ಮೊದಲ ಭಾಗವು ಎರೆಯ ಬಯಲು. ಬೇಸಿಗೆಯ ಬಿಸಿಲಿಗೆ ಕಾದು ಬಿರಿದ ಆ ನೆಲದಲ್ಲಿ ಜಾಲಿಮುಳ್ಳಿನ ಕಾಟವೇ ಹೆಚ್ಚು. ಆತ್ಮಕೂರನ್ನು ದಾಟಿ ವೆಂಕಟಾಪುರದ ಬಳಿ ನಲ್ಲಮಲೆಯ ಕಾಡನ್ನು ಹೊಕ್ಕ ಮೇಲೆ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳಗಳ ಮಾರ್ಗವಾಗಿ ಕೈಲಾಸದ್ವಾರದವರೆಗೆ ಕಲ್ಲಿನ ಏರಿಳಿತವೇ. ಹದಿನಾಲ್ಕನೆಯ ಶತಮಾನದ ರೆಡ್ಡಿ ಅರಸು ಪ್ರೋಲಯ ವೇಮನು ಈ ಗಿರಿಗೆ ಸೋಪಾನಗಳನ್ನು ಕಟ್ಟಿಸಿ ಯಾತ್ರಿಕರಿಗೆ ಮಹೋಪಕಾರ ಮಾಡಿದನು. 1830ರಲ್ಲಿ ಮದರಾಸಿನಿಂದ ಕಾಶಿಗೆ ಹೊರಟ ಏನುಗುಲ ವೀರಾಸ್ವಾಮಯ್ಯನವರೂ ಶ್ರೀಶೈಲವನ್ನು ಕಂಡು ಬರೆದಿರುವರು. ಆದರೆ ಅವರು ಪಲ್ಲಕ್ಕಿಯ ಬೋಯಿಗಳೊಡನೆ ಹೊರಟವರು. ಪಾದರಕ್ಷೆಯ ವಿಷಯವನ್ನು ಕೇಳುವುದಾದರೆ ಆ ಬೋಯಿಗಳನ್ನೇ ಕೇಳಬೇಕಿತ್ತು!

ನಮ್ಮ ಹಿರಿಯರು ನೆಚ್ಚಿದ್ದು ಊರ ಕೆರವನ್ನು. ಅಳಲೆಕಾಯಿ ಮತ್ತು ಜಾಲಿಯ ತೊಗಟೆಗಳಿಂದ ಹದಮಾಡಿದ ಎಮ್ಮೆಯ ತೊಗಲಿನ ದಪ್ಪ ಅಟ್ಟೆ, ತೊಗಲಿನ ದಾರದಿಂದಲೇ ಹಾಕಿದ ಹೊಲಿಗೆ. ಕಬ್ಬಿಣದ ಮೊಳೆಯಿಲ್ಲದ ಕಾರಣ ಅಟ್ಟೆ ಸವೆದರೂ ಕಾಲಿಗೆ ಚುಚ್ಚದು. ಮುಳ್ಳನ್ನು ತಡೆಯುವಷ್ಟು ದಪ್ಪ, ಹೆಜ್ಜೆಯೊಡನೆ ಬಾಗುವಷ್ಟು ಮೆದು, ಇವೆರಡೂ ಒಂದೇ ಜೋಡಿನಲ್ಲಿ ಕೂಡಿ ಬರುವುದು ಕುಶಲಿಯ ಕೈಯಲ್ಲಿ ಮಾತ್ರ. ಹೊಸ ಕೆರವನ್ನು ಮೆಟ್ಟಿ ಯಾತ್ರೆಗೆ ಹೊರಡುವುದು ತಿಳಿಗೇಡಿತನವೇ ಸರಿ. ಅದಕ್ಕೆ ಎಣ್ಣೆಯನ್ನು ಕುಡಿಸಿ, ತಿಂಗಳಾದರೂ ಹೊಲಮನೆಗಳಲ್ಲಿ ಮೆಟ್ಟಿ, ಕಾಲಿನ ಅಚ್ಚಿಗೆ ತಂದುಕೊಳ್ಳಬೇಕು. ಅಳತೆಯನ್ನು ಸಂಜೆಯಲ್ಲಿ ಕೊಡುವುದು ಲೇಸು. ಅದೇಕೆಂದರೆ ದಿನವಿಡೀ ನಡೆದ ಕಾಲು ಬಾತಿರುವುದು. ಪಟ್ಟಿ ಸಡಿಲವಾದರೆ ಇಳಿಜಾರಿನಲ್ಲಿ ಪಾದವು ಮುಂದಕ್ಕೆ ಜಾರಿ ಬೆರಳುಗಳು ನಜ್ಜುಗುಜ್ಜಾಗುವವು. ಭೀಮನಕೊಳ್ಳವನ್ನು ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರಿಗಾಲಲ್ಲಿ ನಡೆಯುವ ವ್ರತಸ್ಥರೂ ಮರಗಾಲು ಕಟ್ಟಿ ನಡೆಯುವವರೂ ಉಂಟು. ಅವರ ನಿಷ್ಠೆಗೆ ಶರಣು. ಆದರೆ ತೊಗಲು ಮೈಲಿಗೆ, ಅದನ್ನು ಮೆಟ್ಟಿದವನ ಯಾತ್ರೆ ಸಲ್ಲದು ಎನ್ನುವ ಮಾತು ಶರಣಧರ್ಮದವರ ಬಾಯಲ್ಲಿ ಬರಕೂಡದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚರ್ಮಕಾಯಕದ ಹರಳಯ್ಯನವರೂ ಅವರ ಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆಗಳನ್ನು ಮಾಡಿ ಬಸವಣ್ಣನವರಿಗೆ ಅರ್ಪಿಸಿದರೆಂದೂ, ಅಣ್ಣನವರು ಅವನ್ನು ಮೆಟ್ಟಲೊಲ್ಲದೆ ತಲೆಯ ಮೇಲಿಟ್ಟುಕೊಂಡರೆಂದೂ ಪರಂಪರೆಯು ಹೇಳುವುದು. ಆ ಹರಳಯ್ಯನವರ ಮಗನಿಗೆ ಮಧುವರಸರ ಮಗಳನ್ನು ತಂದುದಕ್ಕಾಗಿ ಬೀಗರಿಬ್ಬರೂ ಪ್ರಾಣವನ್ನು ತೆತ್ತರು. ಈ ಕಥೆಯನ್ನು ಪುರಾಣದಲ್ಲಿ ಕೇಳಿ ಕಣ್ಣೀರಿಟ್ಟವರೇ, ಮರುದಿನ ಕೆರವು ಹೊಲಿದವನನ್ನು ಹೊರಗೆ ನಿಲ್ಲಿಸಿ ಕಾಸನ್ನು ಮೇಲಿಂದ ಎಸೆದ ಕಾಲವೂ ಇದ್ದಿತು. ಯಾತ್ರಿಕರ ಸಾಲಿನಲ್ಲಿ ಅವನ ಹೆಸರು ಇರಲಿಲ್ಲ; ಅವನ ಹೊಲಿಗೆ ಮಾತ್ರ ಶ್ರೀಶೈಲವನ್ನು ಮುಟ್ಟುತ್ತಿತ್ತು.

ಈಗ ಡಾಂಬರು ರಸ್ತೆಯೂ ರಬ್ಬರಿನ ಚಪ್ಪಲಿಯೂ ಬಟ್ಟೆಯ ಬೂಟೂ ಬಂದಿವೆ. ತೆಳು ರಬ್ಬರು ಮುಳ್ಳಿಗೆ ತಡೆಯಾಗದು. ಬೂಟಿನಲ್ಲಿ ಬೆವರು ನಿಂತು ಬೊಬ್ಬೆ ಏಳುವುದರಿಂದ ಕಾಲುಚೀಲವನ್ನು ದಿನವೂ ಬದಲಿಸಬೇಕು. ಯಾವುದನ್ನೇ ಆರಿಸಿದರೂ ಮೆಟ್ಟಿ ಪಳಗಿಸಿದ ಹಳೆಯ ಜೋಡೊಂದು ಗಂಟಿನಲ್ಲಿರಲಿ. ನಲ್ಲಮಲೆಯ ನಡುವೆ ಪಟ್ಟಿ ಹರಿದರೆ ಹೊಲಿದು ಕೊಡುವವರು ಸಿಗಲಾರರು.