ನಾಲ್ಕರಲ್ಲಿ ಒಂದೇ ಸರಿಯೇ?

ಭಾಲ್ಕಿ ತಾಲ್ಲೂಕಿನ ಮೆಹಕರದಂಥ ಊರಿನ ವಿದ್ಯಾರ್ಥಿಗೆ ಇಂಗ್ಲಿಷ್ ಎಷ್ಟನೆಯ ಭಾಷೆ? ಕನ್ನಡ ಶಾಲೆಯ ದಾಖಲೆಯಲ್ಲಿ ಅದು ದ್ವಿತೀಯ ಭಾಷೆ. ಆದರೆ ಮನೆಯಲ್ಲಿ ಕನ್ನಡವೋ ಮರಾಠಿಯೋ, ಸಂತೆಯಲ್ಲಿ ಎರಡೂ, ಬೀದರಿನ ಪೇಟೆಯಲ್ಲಿ ದಖನಿ ಉರ್ದು, ಪಠ್ಯದಲ್ಲಿ ಹಿಂದಿ. ಇಷ್ಟೆಲ್ಲ ಮುಗಿದ ಮೇಲೆ ಇಂಗ್ಲಿಷಿನ ಸರದಿ.

ಅಂಥವನ ಮುಂದೆ ಹೀಗೊಂದು ಪ್ರಶ್ನೆ ಇಡೋಣ: 'ಹಿ ___ ಟು ಬೀದರ್.' ಆಯ್ಕೆಗಳು: ಗೋಸ್, ವೆಂಟ್, ವಿಲ್ ಗೋ, ಈಸ್ ಗೋಯಿಂಗ್. ವ್ಯಾಕರಣದ ಪ್ರಕಾರ ನಾಲ್ಕೂ ಸರಿ. 'ಯಸ್ಟರ್‌ಡೇ' ಎಂಬ ಒಂದು ಪದ ಸೇರಿಸಿದ್ದರೆ ತಂಟೆಯೇ ಇರುತ್ತಿರಲಿಲ್ಲ. ಅಂಕ ಸಿಗುವುದು ಮಾತ್ರ ಪ್ರಶ್ನೆ ಬರೆದವರ ಮನಸ್ಸಿನಲ್ಲಿದ್ದ ಒಂದಕ್ಕೆ.

ಬಹು ಆಯ್ಕೆ ಪ್ರಶ್ನೆ ಹುಟ್ಟಿದ್ದೇ ಇಂಥ ಅನ್ಯಾಯ ತಪ್ಪಿಸಲು ಎಂಬುದು ವಿಚಿತ್ರ. ಅಮೆರಿಕದ ಕಾನ್ಸಾಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಎಂಬ ಶಿಕ್ಷಣತಜ್ಞ, ಶಿಕ್ಷಕರು ಕೊಡುವ ಅಂಕಗಳಲ್ಲಿ ಕಂಡ ಏರುಪೇರಿನಿಂದ ಬೇಸತ್ತು, 1915ರ ಸುಮಾರಿಗೆ ಮೌನ ಓದಿನ ಪರೀಕ್ಷೆಯೊಂದನ್ನು ರೂಪಿಸಿದ. ಪ್ರತಿ ಪ್ರಶ್ನೆಗೂ ಒಂದೇ ಅರ್ಥ, ಒಂದೇ ಉತ್ತರ ಇರಬೇಕೆಂಬುದು ಆತನ ಷರತ್ತು. 1917ರಲ್ಲಿ ಅಮೆರಿಕದ ಸೇನೆ ಈ ಮಾದರಿಯನ್ನು ಲಕ್ಷಾಂತರ ಸೈನಿಕರ ಮೇಲೆ ಪ್ರಯೋಗಿಸಿತು. 1961ರಲ್ಲಿ ರಾಬರ್ಟ್ ಲ್ಯಾಡೊ ಭಾಷಾ ಪರೀಕ್ಷೆ ಕುರಿತು ಗ್ರಂಥ ಬರೆದ. 1964ರಲ್ಲಿ ವಿದೇಶಿ ವಿದ್ಯಾರ್ಥಿಗಳಿಗಾಗಿ ಟೋಫೆಲ್ ಆರಂಭವಾಯಿತು. ವಿಧಾನ ಜಗತ್ತೆಲ್ಲ ಹಬ್ಬಿತು, ಕೆಲ್ಲಿಯ ಷರತ್ತು ಅಷ್ಟು ದೂರ ಬರಲಿಲ್ಲ.

ದೋಷಗಳಲ್ಲೂ ಬಗೆಗಳಿವೆ. 'ದಿ ಟೀಮ್ ___ ಪ್ಲೇಯಿಂಗ್ ವೆಲ್' ಎಂದು ಕೇಳಿ 'ಈಸ್', 'ಆರ್' ಎರಡನ್ನೂ ಕೊಟ್ಟರೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಎರಡೂ ನಡೆಯುತ್ತವೆ. ಇನ್ನು ಕೆಲವು ಪ್ರಶ್ನೆಗಳು ಉತ್ತರವನ್ನು ತಾವೇ ಬಿಟ್ಟುಕೊಡುತ್ತವೆ. ಸೊಂಡಿಲಿರುವ ಪ್ರಾಣಿ ಯಾವುದೆಂದು ಕೇಳುವ ಇಂಗ್ಲಿಷ್ ವಾಕ್ಯ 'ಆ್ಯನ್' ಎಂದು ನಿಂತರೆ, ಕುದುರೆ, ಒಂಟೆ, ಹುಲಿಗಳ ಹೆಸರು ಸ್ವರದಿಂದ ಆರಂಭವಾಗದ ಕಾರಣ 'ಎಲಿಫೆಂಟ್' ಮಾತ್ರ ಉಳಿಯುತ್ತದೆ. ಸೊಂಡಿಲೆಂದರೇನೆಂದು ತಿಳಿಯಬೇಕಾಗಿಯೇ ಇಲ್ಲ. ಅಂದಹಾಗೆ 'ಎ', 'ಆ್ಯನ್' ವಿಷಯದಲ್ಲಿ ಕನ್ನಡ ಲಿಪಿಯೇ ಒಳ್ಳೆಯ ಗುರು. 'ಯುನಿವರ್ಸಿಟಿ', 'ಅವರ್' ಎಂದು ಬರೆದುಕೊಂಡರೆ ಮೊದಲನೆಯದು ವ್ಯಂಜನ, ಎರಡನೆಯದು ಸ್ವರವೆಂಬುದು ಕಣ್ಣಿಗೇ ಕಾಣುತ್ತದೆ. ಇಂಗ್ಲಿಷ್ ಕಾಗುಣಿತ ಅದನ್ನು ಮುಚ್ಚಿಡುತ್ತದೆ.

ಬೀದರಿಗೆ ಪರಭಾಷೆಯ ಪರೀಕ್ಷೆ ಹೊಸತೇನಲ್ಲ. ನಿಜಾಮರ ಆಳ್ವಿಕೆಯಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದು, ಇಂಗ್ಲಿಷ್ ಕಡ್ಡಾಯ ವಿಷಯ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡಕ್ಕೆ ಜಾಗ ಸಿಕ್ಕಿತು. ಕೋವಿಡ್ ಕಾಲದ 2021ರ ಜುಲೈನಲ್ಲಂತೂ ಇಡೀ ಎಸ್ಸೆಸ್ಸೆಲ್ಸಿ ಪರೀಕ್ಷೆಯೇ ಬಹು ಆಯ್ಕೆಯಾಯಿತು: ವಿಷಯಕ್ಕೆ 40 ಪ್ರಶ್ನೆ, ಒಎಂಆರ್ ಹಾಳೆ, ಮೂರೂ ಭಾಷೆಗಳು ಒಂದೇ ದಿನ.

ದೋಷದ ಬೆಲೆ ಎಷ್ಟೆಂದು ನಾಡಿಗೆ ತಿಳಿದದ್ದು 2024ರ ಆಗಸ್ಟ್ 27ರಂದು. ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸಿದ ಪ್ರಶ್ನೆಗಳೇ ಕೆಟ್ಟಿದ್ದವು. ಅಭ್ಯರ್ಥಿಗಳು ಪ್ರತಿಭಟಿಸಿದರು, ಸರ್ಕಾರ ಮರುಪರೀಕ್ಷೆಗೆ ಆದೇಶಿಸಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅನುವಾದದ ದೂರು ನಿಲ್ಲಲಿಲ್ಲ. ಕನ್ನಡದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪ್ರಶ್ನೆ ನೋಡಿಕೊಳ್ಳುವುದು ಇಂಥ ಪರೀಕ್ಷೆಗಳ ವಾಡಿಕೆ. ಹಳ್ಳಿಯ ಕನ್ನಡ ಮಾಧ್ಯಮದವನಿಗೆ ಅದು ಎರಡನೆಯ ಪರೀಕ್ಷೆಯೇ ಸರಿ.

ಪ್ರಶ್ನೆಯನ್ನು ಮೊದಲೇ ಸಣ್ಣ ಗುಂಪಿಗೆ ಕೊಟ್ಟು ನೋಡಿದರೆ ದೋಷ ಸಿಕ್ಕಿಬೀಳುತ್ತದೆ. ಚೆನ್ನಾಗಿ ಓದುವವರೇ ಹೆಚ್ಚಾಗಿ ತಪ್ಪುತ್ತಿದ್ದರೆ ಪ್ರಶ್ನೆಯನ್ನೇ ಶಂಕಿಸಬೇಕು. ಗೋಪ್ಯತೆಯ ಭಯವಿರುವಲ್ಲಿ ಇದು ಕಷ್ಟ. ಹಾಗಾಗಿ ಸರಿಪಡಿಸುವ ಹೊಣೆ, ಕೀ ಉತ್ತರ ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸುವ ಅಭ್ಯರ್ಥಿಯ ತಲೆಗೇ ಬರುತ್ತದೆ. ಆಕ್ಷೇಪಣೆಗೆ ಆಧಾರ ಬೇಕು. ಧಾರವಾಡದ ಕೋಚಿಂಗ್ ಕೇಂದ್ರದಲ್ಲಿ ಕುಳಿತವನಿಗೆ ಅದು ಒಂದು ಸಂಜೆಯ ಕೆಲಸ. ಮೆಹಕರದವನು ಮೊದಲು ವ್ಯಾಕರಣ ಪುಸ್ತಕ ಹುಡುಕಿಕೊಂಡು ಭಾಲ್ಕಿಯ ಬಸ್ಸು ಹಿಡಿಯಬೇಕು.